ಮುಕ್ತ, ಪುಕ್ಕಟೆ, ಬಿಟ್ಟಿ

ಇಂಗ್ಲಿಷಿನಲ್ಲಿ ‘ಫ್ರೀ’ ಎಂಬ ಒಂದೇ ಮಾತಿದೆ. ಕನ್ನಡದಲ್ಲಿ ಅದಕ್ಕೆ ಮೂರು ಮಾತು. ಮುಕ್ತ ಅಂದರೆ ಕಟ್ಟು ಬಿಚ್ಚಿದ್ದು. ಪುಕ್ಕಟೆ ಅಂದರೆ ಕಾಸು ಕೊಡದೆ ಸಿಕ್ಕಿದ್ದು. ಬಿಟ್ಟಿ ಅಂದರೆ ಕಾಸು ಕೊಡದೆ ಕಿತ್ತುಕೊಂಡದ್ದು. ಮೊದಲಿನ ಎರಡನ್ನು ನಿಘಂಟು ನೋಡಿ ಕಲಿಯಬಹುದು. ಮೂರನೆಯದನ್ನು ನಮ್ಮ ಕೇರಿಗಳು ಬೆನ್ನಿನ ಮೇಲೆ ಕಲಿತಿವೆ. ಗೌಡನ ಕಣಕ್ಕೆ, ಶಾನುಭೋಗನ ಹಿತ್ತಿಲಿಗೆ, ಸಾಹೇಬರು ಕ್ಯಾಂಪು ಬಂದಾಗ ಅವರ ಗಂಟುಮೂಟೆ ಹೊರುವುದಕ್ಕೆ ಬಿಟ್ಟಿ ಹೋದವರ ಮಕ್ಕಳು, ಮೊಮ್ಮಕ್ಕಳು ನಾವು.

ಈಗ ಜಗತ್ತಿನ ದೊಡ್ಡ ದೊಡ್ಡ ಮ್ಯೂಸಿಯಂಗಳು ತಮ್ಮಲ್ಲಿರುವ ಚಿತ್ರಗಳೆಲ್ಲ ಮುಕ್ತ ಅನ್ನುತ್ತಿವೆ. ಅವನ್ನು ಎತ್ತಿಕೊಂಡು ಮೊಬೈಲಿನ ಆಪು ಮಾಡಿ ಮಾರುವವರು ಪುಕ್ಕಟೆ ಸಿಕ್ಕಿತು ಅನ್ನುತ್ತಿದ್ದಾರೆ. ಆ ಚಿತ್ರಗಳ ಒಳಗೆ ನಿಂತಿರುವ ಜನ ಏನನ್ನುತ್ತಾರೆ ಎಂದು ಕೇಳಿದವರು ಕಡಿಮೆ. ಕೇಳಿದರೆ ಅವರ ಬಾಯಿಂದ ಬರುವ ಮಾತು ಮೂರನೆಯದೇ. ಈ ಮೂರು ಮಾತುಗಳ ಚರಿತ್ರೆಯನ್ನು ಒಟ್ಟಿಗೆ ಇಟ್ಟು ನೋಡಬೇಕಾಗಿದೆ.

ಮೊದಲು ಬಾಗಿಲು ತೆರೆದ ಕತೆ. ಹಾಲೆಂಡಿನ ರೈಕ್ಸ್ ಮ್ಯೂಸಿಯಂ 2012ರಲ್ಲಿ ತನ್ನ 1,25,000 ಕೃತಿಗಳ ಚಿತ್ರಗಳನ್ನು ಅಂತರ್ಜಾಲಕ್ಕೆ ಹಾಕಿ, ಇಳಿಸಿಕೊಳ್ಳಿ, ಬಳಸಿಕೊಳ್ಳಿ ಎಂದಿತು. 2016ರ ಜನವರಿಯಲ್ಲಿ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯ ಅದೇ ಹಾದಿ ಹಿಡಿದು 1,80,000ಕ್ಕೂ ಹೆಚ್ಚು ಚಿತ್ರ, ನಕ್ಷೆ, ಹಸ್ತಪ್ರತಿಗಳನ್ನು ಬಿಟ್ಟುಕೊಟ್ಟಿತು. 2017ರ ಫೆಬ್ರವರಿ 7ರಂದು ಅದೇ ಊರಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಸುಮಾರು 3,75,000 ಚಿತ್ರಗಳಿಗೆ ‘ಸಿಸಿ ಜೀರೊ’ ಎಂಬ ಮುದ್ರೆ ಒತ್ತಿತು. 2020ರ ಫೆಬ್ರವರಿಯಲ್ಲಿ ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆ 28 ಲಕ್ಷ ಚಿತ್ರಗಳಿಗೆ ಅದೇ ಮುದ್ರೆ ಒತ್ತಿತು. ಸಿಸಿ ಜೀರೊ ಅಂದರೆ, ನಮ್ಮ ಹಕ್ಕನ್ನೆಲ್ಲ ಬಿಟ್ಟಿದ್ದೇವೆ, ಯಾರು ಬೇಕಾದರೂ ಬಳಸಲಿ, ಬದಲಿಸಲಿ, ಮಾರಲಿ. ನಮ್ಮ ಹೆಸರು ಹೇಳಲೇಬೇಕು ಎಂಬ ಕಟ್ಟಳೆಯೂ ಇಲ್ಲ ಎಂದು ಬರೆದುಕೊಟ್ಟ ಹಾಗೆ. 2018ರಲ್ಲಿ ಮೆಟ್ರೊಪಾಲಿಟನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಕಂಪ್ಯೂಟರುಗಳೇ ನೇರವಾಗಿ ಬಂದು ಚಿತ್ರವನ್ನೂ ಅದರ ವಿವರವನ್ನೂ ಪಡೆದುಕೊಂಡು ಹೋಗುವಂಥ ‘ಎಪಿಐ’ ಎಂಬ ಕಿಂಡಿ ತೆರೆಯಿತು.

ಆಪಿನ ವ್ಯಾಪಾರ ಇಂಥ ಕಿಂಡಿಗಳ ಮುಂದೆ ಕೂತಿದೆ. ದಿನಕ್ಕೊಂದು ಹಳೇ ಚಿತ್ರ ತೋರಿಸುವ ಆಪು, ಬಣ್ಣ ತುಂಬುವ ಆಪು, ಗೋಡೆಯ ಟೀವಿಯನ್ನು ಚಿತ್ರಪಟ ಮಾಡುವ ಆಪು, ಮನೆಯಲ್ಲೇ ಕೂರಿಸಿ ಮ್ಯೂಸಿಯಂ ಸುತ್ತಿಸುವ ಆಪು. ಸರಕು ಮ್ಯೂಸಿಯಮ್ಮಿನದು. ಕಾಸು ಬರೋದು ತಿಂಗಳ ಚಂದಾದಿಂದ, ಇಲ್ಲವೇ ನಡುನಡುವೆ ತೂರಿಸುವ ಜಾಹೀರಾತಿನಿಂದ. ಆಪಲ್ ಕಂಪನಿ 2008ರಲ್ಲಿ ತನ್ನ ಆಪು ಅಂಗಡಿ ತೆರೆದಾಗ ಮಾರಾಟದಲ್ಲಿ ನೂರಕ್ಕೆ 30 ತನ್ನ ಪಾಲು ಎಂದು ಗೊತ್ತುಮಾಡಿತು. 2021ರಲ್ಲಿ ಸಣ್ಣ ವ್ಯಾಪಾರಿಗಳಿಗೆ ಅದನ್ನು 15ಕ್ಕೆ ಇಳಿಸಿತು. ಲೆಕ್ಕ ಹಾಕಿ ನೋಡಿ ಗೆಳೆಯರೇ. ಅಂಗಡಿಯವನಿಗೆ ಪಾಲುಂಟು. ಆಪು ಕಟ್ಟಿದವನಿಗೆ ಪಾಲುಂಟು. ಜಾಹೀರಾತಿನ ದಲ್ಲಾಳಿಗೆ ಪಾಲುಂಟು. ಸರಕು ಕೊಟ್ಟ ಮ್ಯೂಸಿಯಂ ತಾನಾಗಿ ತನಗೆ ಬೇಡ ಅಂದಿದೆ. ಚಿತ್ರದೊಳಗಿನ ಮನುಷ್ಯನನ್ನು ಮಾತ್ರ ಪಂಕ್ತಿಗೇ ಕರೆದಿಲ್ಲ.

ಹಾಗಂತ ಬಾಗಿಲು ಮುಚ್ಚಿ ಅನ್ನೋರು ನಾವಲ್ಲ. ಮುಚ್ಚಿದ ಬಾಗಿಲು ಅಂದರೆ ಏನು ಅನ್ನೋದು ಈ ದೇಶದಲ್ಲಿ ನಮಗಿಂತ ಚೆನ್ನಾಗಿ ಬಲ್ಲವರು ಯಾರೂ ಇಲ್ಲ. ಅಕ್ಷರಕ್ಕೆ ಬೀಗ, ಬಾವಿಗೆ ಬೀಗ, ಗುಡಿಗೆ ಬೀಗ. ಬಾಂಬೆ ಶಾಸನಸಭೆ 1923ರಲ್ಲಿ ಎಸ್.ಕೆ. ಬೋಲೆಯವರ ಠರಾವು ಪಾಸು ಮಾಡಿ, ಸರ್ಕಾರದ ಹಣದಲ್ಲಿ ನಡೆಯುವ ಕೆರೆ ಬಾವಿಗಳೆಲ್ಲ ಅಸ್ಪೃಶ್ಯರಿಗೂ ಮುಕ್ತ ಎಂದಿತು. 1924ರಲ್ಲಿ ಮಹಾಡ್ ಪುರಸಭೆ ತನ್ನ ಚವದಾರ್ ಕೆರೆಯೂ ಮುಕ್ತ ಎಂದು ಕಾಗದದಲ್ಲಿ ಬರೆಯಿತು. ಕಾಗದ ಕಾಗದದಲ್ಲೇ ಉಳಿಯಿತು. 1927ರ ಮಾರ್ಚ್ 20ರಂದು ಅಂಬೇಡ್ಕರ್ ಸಾವಿರಾರು ಜನರೊಂದಿಗೆ ನಡೆದುಹೋಗಿ ಆ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿದರು. ಆಮೇಲೆ ಸವರ್ಣೀಯರು ಕೆರೆಯನ್ನು ಶುದ್ಧಿ ಮಾಡಿಸಿದರು, ಕೋರ್ಟಿಗೆ ಹೋದರು. ಬಾಂಬೆ ಹೈಕೋರ್ಟು ನಮ್ಮ ಕಡೆ ತೀರ್ಪು ಕೊಟ್ಟದ್ದು 1937ರಲ್ಲಿ. ಮುಕ್ತ ಎಂಬ ಮಾತಿಗೂ ಒಂದು ಬೊಗಸೆ ನೀರಿಗೂ ನಡುವೆ ಎಷ್ಟು ದೂರ ಇರುತ್ತದೆ ಎಂಬುದಕ್ಕೆ ಈ ಹದಿನಾಲ್ಕು ವರ್ಷಗಳೇ ಅಳತೆಗೋಲು.

ಮ್ಯೂಸಿಯಂಗಳೂ ಹೀಗೇ ಬೀಗ ಹಾಕಿ ಕೂತಿದ್ದವು. ನೂರಾರು ವರ್ಷದ ಹಿಂದೆ ಸತ್ತ ಕಲಾವಿದನ ಚಿತ್ರದ ಫೋಟೋ ಬೇಕೆಂದರೂ ಫೀಜು ಕೇಳುತ್ತಿದ್ದವು. ಈಗಲೂ ಕೇಳುವ ಮ್ಯೂಸಿಯಂಗಳಿವೆ. 1999ರಲ್ಲಿ ನ್ಯೂಯಾರ್ಕಿನ ಫೆಡರಲ್ ಕೋರ್ಟು ಬ್ರಿಡ್ಜ್‌ಮನ್ ಮೊಕದ್ದಮೆಯಲ್ಲಿ, ಹಳೆಯ ಚಿತ್ರವೊಂದನ್ನು ಇದ್ದ ಹಾಗೇ ಫೋಟೋ ತೆಗೆದ ಮಾತ್ರಕ್ಕೆ ಹೊಸ ಹಕ್ಕು ಹುಟ್ಟುವುದಿಲ್ಲ ಎಂದು ತೀರ್ಪು ಕೊಟ್ಟಿತು. 2019ರಲ್ಲಿ ಯುರೋಪಿನ ಒಕ್ಕೂಟ ಅದೇ ಅರ್ಥದ ನಿಯಮ ಮಾಡಿತು. ಇವೆಲ್ಲ ಒಳ್ಳೆಯ ಕೆಲಸಗಳೇ. ಮನೆಯಲ್ಲಿ ಮೊದಲ ಸಲ ಕಾಲೇಜಿನ ಮೆಟ್ಟಿಲು ಹತ್ತಿದ ಹುಡುಗಿ, ಒಂದು ರೂಪಾಯಿ ಕೊಡದೆ, ಯಾರ ಶಿಫಾರಸು ಪತ್ರವೂ ಇಲ್ಲದೆ, ಲಂಡನ್ನು ನ್ಯೂಯಾರ್ಕುಗಳ ಕಪಾಟಿನಲ್ಲಿರುವ ತನ್ನ ಜನರ ಚಿತ್ರವನ್ನು ನೋಡಬಲ್ಲಳು ಅಂದರೆ ಅದು ಸಣ್ಣ ಮಾತಲ್ಲ. ಆ ಬಾಗಿಲನ್ನು ನಾವು ಕಾಯುತ್ತೇವೆ. ನಮ್ಮ ಪ್ರಶ್ನೆ ಬೇರೆ. ಆ ಕಪಾಟಿಗೆ ಆ ಚಿತ್ರ ಹೋದದ್ದು ಹೇಗೆ?

ನ್ಯೂಯಾರ್ಕ್ ಗ್ರಂಥಾಲಯದ ಡಿಜಿಟಲ್ ಸಂಗ್ರಹದಲ್ಲಿ ‘ದಿ ಪೀಪಲ್ ಆಫ್ ಇಂಡಿಯಾ’ ಎಂಬ ಪುಸ್ತಕದ ಚಿತ್ರಗಳಿವೆ. 1857ರ ದಂಗೆಯಾದ ಮೇಲೆ, ತಾವು ಆಳುವ ಜನ ಯಾರು, ಯಾರನ್ನು ನಂಬಬಹುದು, ಯಾರನ್ನು ನಂಬಬಾರದು ಎಂದು ತಿಳಿಯುವ ಆತುರ ಬ್ರಿಟಿಷರಿಗೆ ಹತ್ತಿತು. 1868ರಿಂದ 1875ರವರೆಗೆ ಎಂಟು ಸಂಪುಟ ಅಚ್ಚಾದವು. ಸಂಪಾದಕರು ಫೋರ್ಬ್ಸ್ ವಾಟ್ಸನ್ ಮತ್ತು ಜಾನ್ ವಿಲಿಯಂ ಕೇ. ನಾನೂರಕ್ಕೂ ಮೀರಿದ ಫೋಟೋಗಳು. ಬಹುಪಾಲು ಜನರಿಗೆ ಅದರಲ್ಲಿ ಸ್ವಂತ ಹೆಸರಿಲ್ಲ. ಜಾತಿಯ ಹೆಸರು, ಬುಡಕಟ್ಟಿನ ಹೆಸರು, ಕೆಳಗೆ ಇವರು ಎಂಥವರು ಎಂಬ ತೀರ್ಮಾನ. 1869ರಲ್ಲಿ ಲಂಡನ್ನಿಗೆ ಹೋಗಿದ್ದ ಸೈಯದ್ ಅಹಮದ್ ಖಾನರು ಅದನ್ನು ನೋಡಿ ನೊಂದು ಬರೆದರು. ಅವರಿಗೆ ಅಕ್ಷರವಿತ್ತು, ಆದ್ದರಿಂದ ಅವರ ನೋವು ಉಳಿಯಿತು. ಚಿತ್ರದೊಳಗೆ ನಿಂತವರಲ್ಲಿ ಎಷ್ಟು ಮಂದಿಗೆ ಆ ಅಕ್ಷರವಿತ್ತು? ಅವರ ನೋವನ್ನು ಯಾವ ಸಂಪುಟವೂ ಅಚ್ಚು ಹಾಕಲಿಲ್ಲ.

ಇನ್ನೂ ಹತ್ತಿರಕ್ಕೆ ಬರೋಣ. ಎಡ್ಗರ್ ಥರ್ಸ್ಟನ್ 1885ರಿಂದ 1908ರವರೆಗೆ ಮದ್ರಾಸಿನ ಎಗ್ಮೋರ್ ಸರ್ಕಾರಿ ಮ್ಯೂಸಿಯಮ್ಮಿನ ಮೇಲ್ವಿಚಾರಕ. 1901ರಲ್ಲಿ ಸರ್ಕಾರ ಶುರುಮಾಡಿದ ಜನಾಂಗ ಸಮೀಕ್ಷೆಯಲ್ಲಿ ಮದ್ರಾಸ್ ಪ್ರಾಂತ್ಯದ ಹೊಣೆ ಅವನದು. ಮನುಷ್ಯರ ತಲೆಯ ಅಗಲ, ಮೂಗಿನ ಉದ್ದ, ತೋಳಿನ ಅಳತೆ ತೆಗೆಯುವುದು ಅವನ ಕಸುಬು. ದನದ ಜಾತ್ರೆಯಲ್ಲಿ ಹಲ್ಲು ಎಣಿಸುತ್ತಾರಲ್ಲ, ಹಾಗೆ. 1909ರಲ್ಲಿ ‘ಕ್ಯಾಸ್ಟ್ಸ್ ಅಂಡ್ ಟ್ರೈಬ್ಸ್ ಆಫ್ ಸದರ್ನ್ ಇಂಡಿಯಾ’ ಏಳು ಸಂಪುಟಗಳಲ್ಲಿ ಹೊರಬಂತು. ಆಗ ಬಳ್ಳಾರಿಯೂ ದಕ್ಷಿಣ ಕನ್ನಡವೂ ಮದ್ರಾಸ್ ಪ್ರಾಂತ್ಯದಲ್ಲಿದ್ದವು. ಆದ್ದರಿಂದ ಆ ಪುಸ್ತಕದಲ್ಲಿ ನಾವೂ ಇದ್ದೇವೆ. ಇಂಗ್ಲಿಷ್ ಅಕಾರಾದಿಯಲ್ಲಿ, ಎರಡನೆಯ ಸಂಪುಟದಲ್ಲಿ ಹೊಲೆಯರು, ಮೂರನೆಯದರಲ್ಲಿ ಕೊರಗರು, ನಾಲ್ಕನೆಯದರಲ್ಲಿ ಮಾದಿಗರು.

ಆ ಅಳತೆಗೆ ಜನ ಒಪ್ಪಿ ನಿಂತರೇ? ಇದಕ್ಕೆ ಉತ್ತರ ನಾವು ಊಹಿಸಬೇಕಾಗಿಲ್ಲ, ಥರ್ಸ್ಟನ್ನನೇ ತನ್ನ ಮುನ್ನುಡಿಯಲ್ಲಿ ತಮಾಷೆಯಾಗಿ ಬರೆದುಕೊಂಡಿದ್ದಾನೆ. ವಯನಾಡಿನ ಪಣಿಯ ಹೆಂಗಸರು ಅವನನ್ನು ಕಂಡು ಓಡಿಹೋದರು. ತಮ್ಮಲ್ಲಿ ಚೆನ್ನಾಗಿರುವವರನ್ನು ಹಿಡಿದು, ಹುಲ್ಲು ತುಂಬಿ ಮದ್ರಾಸು ಮ್ಯೂಸಿಯಮ್ಮಿನಲ್ಲಿ ನಿಲ್ಲಿಸುತ್ತಾನೆ ಎಂಬ ಭಯ ಅವರಿಗೆ. ನೀಲಗಿರಿಯ ಇರುಳಿಗನೊಬ್ಬ ಎತ್ತರ ಅಳೆಯುವ ಕಂಬವನ್ನು ನೇಣುಗಂಬ ಎಂದು ಹೇಳಿ ಅಳತೆಗೆ ನಿಲ್ಲಲಿಲ್ಲ. ಶೇರ್ವರಾಯನ್ ಬೆಟ್ಟದ ಮಲಯಾಳಿಗಳು ತಮ್ಮ ನೆಲ ಕಿತ್ತುಕೊಂಡು ತಮ್ಮನ್ನು ಅಂಡಮಾನಿಗೆ ಸಾಗಿಸಲು ಬಂದವನು ಎಂದುಕೊಂಡರು. ಸಾಹೇಬನಿಗೆ ಇದು ಕಾಡುಜನರ ಮುಗ್ಧತೆ. ನಾವು ಓದುವಾಗ ಇದು ಮುಗ್ಧತೆಯಾಗಿ ಕಾಣುವುದಿಲ್ಲ. ಪಣಿಯ ಹೆಂಗಸರು ಮ್ಯೂಸಿಯಂ ಅಂದರೇನು ಎಂದು ಸರಿಯಾಗೇ ತಿಳಿದಿದ್ದರು. ಹುಲ್ಲು ತುಂಬಲಿಲ್ಲ, ಅಷ್ಟೇ. ಮುಖ ತೆಗೆದುಕೊಂಡರು, ಅಳತೆ ತೆಗೆದುಕೊಂಡರು, ಹೆಸರು ಬಿಟ್ಟರು. ಓಡಿಹೋದ ಆ ಹೆಂಗಸರದ್ದೇ ಈ ಚರಿತ್ರೆಯ ಮೊದಲ ಬಂಡಾಯ.

ಇದು ಬಿಳಿಯರ ಕೆಲಸ ಮಾತ್ರ ಎಂದು ಕೈತೊಳೆದುಕೊಳ್ಳುವಂತೆಯೂ ಇಲ್ಲ. ನಮ್ಮ ಮಹಾರಾಜರ ಮೈಸೂರಿನಲ್ಲಿ ಎಚ್.ವಿ. ನಂಜುಂಡಯ್ಯನವರು ಶುರುಮಾಡಿ ಎಲ್.ಕೆ. ಅನಂತಕೃಷ್ಣ ಅಯ್ಯರ್ ಮುಗಿಸಿದ ‘ದಿ ಮೈಸೂರ್ ಟ್ರೈಬ್ಸ್ ಅಂಡ್ ಕ್ಯಾಸ್ಟ್ಸ್’ 1928ರಿಂದ 1935ರವರೆಗೆ ನಾಲ್ಕು ಸಂಪುಟಗಳಲ್ಲಿ ಬಂತು. ಬರೆದವರು ಈ ನೆಲದವರೇ. ಬರೆಸಿಕೊಂಡವರ ಜಾಗ ಮಾತ್ರ ಬದಲಾಗಲಿಲ್ಲ.

ಇಂದು ಥರ್ಸ್ಟನ್ನನ ಏಳೂ ಸಂಪುಟಗಳು ಪ್ರಾಜೆಕ್ಟ್ ಗುಟೆನ್‌ಬರ್ಗ್ ಎಂಬ ಅಂತರ್ಜಾಲ ಪುಸ್ತಕ ಭಂಡಾರದಲ್ಲಿ ಪುಕ್ಕಟೆ ಸಿಗುತ್ತವೆ. ಓದಬೇಕು, ಓದಿ ಉತ್ತರ ಕೊಡಬೇಕು. ಆದರೆ ಕಾನೂನು ಈ ಪುಸ್ತಕದಲ್ಲಿ ಯಾರನ್ನು ಒಡೆಯ ಅನ್ನುತ್ತದೆ ನೋಡಿ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಫೋಟೋದ ಕರ್ತೃ ಅಂದರೆ ಅದನ್ನು ತೆಗೆದವನು. ಫೋಟೋ ತೆಗೆದವನು ಸತ್ತು 60 ವರ್ಷ ಕಳೆದ ಮೇಲೆ ಅದು ಎಲ್ಲರ ಸ್ವತ್ತು. ಕ್ಯಾಮೆರಾ ಹಿಡಿದವನ ಹಕ್ಕಿಗೆ ಹುಟ್ಟೂ ಇದೆ, ಸಾವೂ ಇದೆ. ಕ್ಯಾಮೆರಾದ ಮುಂದೆ ನಿಲ್ಲಿಸಿಕೊಂಡವರ ಹಕ್ಕು ಹುಟ್ಟಲೇ ಇಲ್ಲ, ಇನ್ನು ಸಾಯುವುದೆಲ್ಲಿಂದ ಬಂತು? ಮ್ಯೂಸಿಯಂ ನಮ್ಮ ಹಕ್ಕನ್ನು ಬಿಟ್ಟುಕೊಟ್ಟೆವು ಎಂದಾಗ ಅದು ಬಿಟ್ಟುಕೊಡುವುದು ತನ್ನ ಹಕ್ಕನ್ನು ಮಾತ್ರ. ಆ ಮುಖಗಳ ಪರವಾಗಿ ಬಿಟ್ಟುಕೊಡಲು ಅದಕ್ಕೆ ಯಾರೂ ಮುಕ್ತಿಯಾರ್ ನಾಮೆ ಬರೆದುಕೊಟ್ಟಿಲ್ಲ. ಆಪಿನವನು, ‘ಎಲ್ಲ ಕಾನೂನು ಪ್ರಕಾರವೇ ಇದೆ ಸ್ವಾಮಿ’ ಅಂದರೆ ಅದು ಸುಳ್ಳಲ್ಲ. ಬಿಟ್ಟಿ ಚಾಕರಿಯೂ ಒಂದು ಕಾಲಕ್ಕೆ ಕಟ್ಟಳೆಯ ಪ್ರಕಾರವೇ ಇತ್ತು.

ಹಾಗಾದರೆ ಲಾಭ ಮಾಡುವುದೇ ತಪ್ಪೇ? ನಾವು ಹಾಗನ್ನುವುದಿಲ್ಲ. ಕೂಲಿ ಬೇರೆ, ಸುಂಕ ಬೇರೆ. ಕೆರೆಯಿಂದ ನೀರು ಹೊತ್ತು ತಂದು ಮನೆ ಬಾಗಿಲಿಗೆ ಹಾಕಿದವನು ಕಾಸು ಕೇಳಿದರೆ ಅದು ಕೂಲಿ, ಅದು ನ್ಯಾಯ. ಕೆರೆ ಏರಿಯ ಮೇಲೆ ಕೂತು ಕೊಡಕ್ಕಿಷ್ಟು ಎಂದು ವಸೂಲಿ ಮಾಡಿದರೆ ಅದು ಸುಂಕ. ಚಿತ್ರಗಳನ್ನು ಕನ್ನಡದ ವಿವರಣೆಯೊಂದಿಗೆ ಜೋಡಿಸಿ, ಕಣ್ಣು ಕಾಣದವರಿಗೆ ದನಿ ಕೊಟ್ಟು, ಹಳ್ಳಿಯ ಸಣ್ಣ ಫೋನಿನಲ್ಲೂ ತೆರೆಯುವ ಹಾಗೆ ಆಪು ಕಟ್ಟಿದರೆ ಅದರ ಹಿಂದೆ ಬೆವರಿದೆ. ಆ ಬೆವರಿನ ಬೆಲೆ ತೆಗೆದುಕೊಳ್ಳಲಿ. ನಾಳೆ ನಮ್ಮ ಹುಡುಗ ಹುಡುಗಿಯರೇ ಆಪು ಕಟ್ಟುತ್ತಾರೆ, ಅವರಿಗೂ ಹೊಟ್ಟೆಯಿದೆ. ಆದರೆ ಚಿತ್ರದ ಮೇಲಿನ ಮೂಲದ ಹೆಸರು ಅಳಿಸಿ, ಇದು ನಮ್ಮಲ್ಲಿ ಮಾತ್ರ ಸಿಗುವ ಸರಕು ಅನ್ನುವಂತೆ ತೋರಿಸಿ ಚಂದಾ ಕೇಳುವುದು ಸುಂಕ.

ಸುಂಕದವನ ಧೈರ್ಯ ಎಲ್ಲಿಯವರೆಗೆ ಹೋಗುತ್ತದೆ ಎಂಬುದಕ್ಕೆ ಅಮೆರಿಕದ್ದೊಂದು ಮೊಕದ್ದಮೆ ಸಾಕ್ಷಿ. ಕ್ಯಾರಲ್ ಹೈಸ್ಮಿತ್ ಎಂಬ ಛಾಯಾಗ್ರಾಹಕಿ ತಾವು ತೆಗೆದ ಸಾವಿರಾರು ಫೋಟೋಗಳನ್ನು ಜನ ಪುಕ್ಕಟೆ ಬಳಸಲಿ ಎಂದು ಲೈಬ್ರರಿ ಆಫ್ ಕಾಂಗ್ರೆಸ್ಸಿಗೆ ಕೊಟ್ಟಿದ್ದರು. ಚಿತ್ರ ಮಾರುವ ಏಜೆನ್ಸಿಗಳ ಪರ ವಸೂಲಿಗೆ ನಿಂತ ಸಂಸ್ಥೆಯೊಂದು ಅವರಿಗೇ ಪತ್ರ ಬರೆದು, ನಿಮ್ಮ ವೆಬ್‌ಸೈಟಿನಲ್ಲಿ ಈ ಫೋಟೋ ಬಳಸಿದ್ದೀರಿ, 120 ಡಾಲರ್ ಕಟ್ಟಿ ಎಂದಿತು. ಆ ಫೋಟೋ ಅವರೇ ತೆಗೆದದ್ದು! 2016ರಲ್ಲಿ ಅವರು ಗೆಟ್ಟಿ ಇಮೇಜಸ್ ಮೊದಲಾದವರ ಮೇಲೆ 100 ಕೋಟಿ ಡಾಲರಿನ ದಾವೆ ಹೂಡಿದರು. ಕೋರ್ಟು ಅವರ ಕೃತಿಸ್ವಾಮ್ಯದ ವಾದವನ್ನು ಅದೇ ವರ್ಷ ತಳ್ಳಿಹಾಕಿತು. ಸಾರ್ವಜನಿಕರಿಗೆ ಕೊಟ್ಟದ್ದನ್ನು ಮಾರಬೇಡ ಎಂದು ತಡೆಯುವ ಬಲ ಕಾನೂನಿನಲ್ಲಿ ಅವರಿಗೆ ಸಿಗಲಿಲ್ಲ. ಹೆಸರಿರುವ, ವಕೀಲರಿರುವ, ಬದುಕಿರುವ ಕಲಾವಿದೆಯ ಪಾಡು ಇದು. 1909ರ ಪುಟದಲ್ಲಿ ಹೆಸರಿಲ್ಲದೆ ನಿಂತ ಕೊರಗ ಹೆಂಗಸಿನ ಪರವಾಗಿ ಯಾವ ಕೋರ್ಟಿನಲ್ಲಿ ಯಾರು ನಿಲ್ಲುತ್ತಾರೆ?

ಗುಟೆನ್‌ಬರ್ಗಿನ ಕರಾರಿನಲ್ಲೂ ಕಲಿಯಬೇಕಾದ ಪಾಠವಿದೆ. ಅವರ ಹೆಸರು ಉಳಿಸಿಕೊಂಡು ಅವರ ಪುಸ್ತಕವನ್ನು ಕಾಸಿಗೆ ಮಾರಿದರೆ ಲಾಭದಲ್ಲಿ ನೂರಕ್ಕೆ 20 ಅವರಿಗೆ ಕೊಡಬೇಕು. ಹೆಸರು ಪೂರ್ತಿ ತೆಗೆದುಹಾಕಿದರೆ ಏನೂ ಕೊಡಬೇಕಾಗಿಲ್ಲ. ಅವರು ಯಾಕೆ ಹೀಗೆ ಮಾಡಿದರು ಅನ್ನೋದು ಅರ್ಥವಾಗುತ್ತದೆ, ತಮ್ಮ ಹೆಸರಿನಲ್ಲಿ ಮೋಸ ಆಗಬಾರದು ಎಂದು. ಆದರೆ ಸಂತೆಯಲ್ಲಿ ಆಗೋದೇನು? ಹೆಸರು ಹೇಳುವವನಿಗೆ ಖರ್ಚು, ಹೆಸರು ಅಳಿಸುವವನಿಗೆ ಉಳಿತಾಯ. ಹೆಸರು ಅಳಿಸುವುದು ಲಾಭದ ಕೆಲಸವಾದಾಗ ಮೊದಲು ಅಳಿಯೋದು ಯಾರ ಹೆಸರು ಎಂದು ನಮಗೆ ಹೇಳಿಕೊಡಬೇಕಾಗಿಲ್ಲ.

ಇದಕ್ಕೆ ಬೇರೆ ದಾರಿ ಇಲ್ಲವೇ? ಇದೆ. ತೋರಿಸಿಕೊಟ್ಟವರು ಅಮೆರಿಕದ ಮೂಲನಿವಾಸಿಗಳಾದ ಪಾಸಮಕ್ವಾಡಿ ಜನ. 1890ರಲ್ಲಿ ಜೆಸ್ಸಿ ಫ್ಯೂಕ್ಸ್ ಎಂಬ ವಿದ್ವಾಂಸ ಮೇಯ್ನ್ ಪ್ರಾಂತ್ಯಕ್ಕೆ ಹೋಗಿ ಅವರ ಹಾಡು, ಕತೆ, ಮಾತುಗಳನ್ನು ಮೇಣದ ಕೊಳವೆಗಳ ಮೇಲೆ ಧ್ವನಿಮುದ್ರಿಸಿಕೊಂಡ. ಆ ಕೊಳವೆಗಳು ಹಾರ್ವರ್ಡಿನ ಪೀಬಡಿ ಮ್ಯೂಸಿಯಂ ಸೇರಿದವು, 1970ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ಸಿಗೆ ಹೋದವು. 2018ರಲ್ಲಿ ಆ ದನಿಗಳು ಅಂತರ್ಜಾಲಕ್ಕೆ ಬಂದಾಗ ಬರಿದೇ ಬರಲಿಲ್ಲ. ಆ ಜನರೇ ಕೂತು ಕೇಳಿ, ತಮ್ಮ ನುಡಿಯಲ್ಲಿ ಹೆಸರು ಕೊಟ್ಟು, ತಮ್ಮದೇ ಚೀಟಿಗಳನ್ನು ಅಂಟಿಸಿದರು. ಇದು ಯಾರದ್ದು ಎಂದು ಹೇಳಿ ಎಂಬುದೊಂದು ಚೀಟಿ. ಇದರಿಂದ ಕಲಿಯಿರಿ ಎಂಬುದೊಂದು. ಇದು ಮಾರುವುದಕ್ಕಲ್ಲ ಎಂಬುದು ಇನ್ನೊಂದು. ಈ ಚೀಟಿಗೆ ಕೋರ್ಟಿನ ಬಲವಿಲ್ಲ. ಆದರೆ ಅದನ್ನು ಓದಿದ ಮೇಲೆ ಯಾರೂ ‘ನನಗೆ ಗೊತ್ತಿರಲಿಲ್ಲ’ ಅನ್ನುವಂತಿಲ್ಲ. ನೂರಿಪ್ಪತ್ತೆಂಟು ವರ್ಷ ಆದ ಮೇಲೆ ದನಿ ತನ್ನ ಒಡೆಯರ ಹೆಸರನ್ನು ತಾನೇ ಹೇಳಿತು.

ನಮಗೂ ಅಂಥ ಚೀಟಿ ಬೇಕು. ಅದನ್ನು ಬರೆಯುವ ಕೈಗಳು ನಮ್ಮವಾಗಬೇಕು. ನಮ್ಮ ಕೇಂದ್ರ ಸರ್ಕಾರ 2014ರಲ್ಲಿ ‘ಮ್ಯೂಸಿಯಮ್ಸ್ ಆಫ್ ಇಂಡಿಯಾ’ ಎಂಬ ಜಾಲತಾಣ ತೆರೆಯಿತು. ಅದರ ಹಿಂದಿರುವ, ಪುಣೆಯ ಸಿ-ಡ್ಯಾಕ್ ತಯಾರಿಸಿದ ತಂತ್ರಾಂಶದ ಹೆಸರು ‘ಜತನ್’. ಒಳ್ಳೆಯ ಹೆಸರು. ಜತನ ಅಂದರೆ ನಮ್ಮಲ್ಲೂ ಕಾಪಾಡಿ ಇಡುವುದೇ. ಮಡಕೆಯ ಜತನ, ತಮಟೆಯ ಜತನ, ಕಂಚಿನ ಜತನ ಆಗಲಿ. ಜೊತೆಗೆ ಮಡಕೆ ತಟ್ಟಿದವರ, ತೊಗಲು ಹದ ಮಾಡಿದವರ, ಎರಕ ಹೊಯ್ದವರ ಜತನವೂ ಆಗಬೇಕು. ವಸ್ತುವಿನ ಕೆಳಗೆ ರಾಜನ ಹೆಸರಿಗೆ ಜಾಗ ಇರುವಾಗ ಮಾಡಿದವರ ಹೆಸರಿಗೆ ಜಾಗ ಯಾಕಿಲ್ಲ? ಹೆಸರು ಗೊತ್ತಿಲ್ಲವಾದರೆ, ‘ಮಾಡಿದವರ ಹೆಸರನ್ನು ಬರೆದಿಟ್ಟುಕೊಳ್ಳಲಿಲ್ಲ’ ಎಂದು ಬರೆಯಲಿ. ಆ ಖಾಲಿ ಜಾಗವೂ ಚರಿತ್ರೆಯೇ.

ಆಪಿನವರಿಗೆ ನಮ್ಮ ಕೇಳಿಕೆ ನಾಲ್ಕು. ಒಂದು, ಚಿತ್ರ ಎಲ್ಲಿಂದ ತಂದಿರಿ, ಪುಕ್ಕಟೆಯಾಗಿ ಎಲ್ಲಿ ಸಿಗುತ್ತದೆ ಎಂದು ಪ್ರತಿ ಚಿತ್ರದ ಕೆಳಗೂ ಹೇಳಿ. ಅಷ್ಟು ಹೇಳಿದ ಮೇಲೂ ಜನ ನಿಮಗೆ ಕಾಸು ಕೊಟ್ಟರೆ ಅದು ನಿಮ್ಮ ಬೆವರಿನ ಕೂಲಿ. ಎರಡು, ಹಳೇ ಅಡಿಬರಹವನ್ನು ವೇದವಾಕ್ಯದಂತೆ ಉರುಹೊಡೆಯಬೇಡಿ. ಯಾರು ಬರೆದದ್ದು, ಯಾವ ವರ್ಷ, ಯಾರಿಗಾಗಿ ಎಂದು ಹೇಳಿ. 1909ರ ಕೊರಗರ ವಿವರ ಹಾಕಿ, ಅಜಲು ಪದ್ಧತಿಯನ್ನು 2000ದಲ್ಲಿ ಕರ್ನಾಟಕ ಕಾನೂನು ಮಾಡಿ ನಿಷೇಧಿಸಿದ್ದನ್ನು ಬಿಟ್ಟರೆ ಆ ಆಪು ಅರ್ಧ ಸತ್ಯವನ್ನು ಪೂರ್ತಿ ಬೆಲೆಗೆ ಮಾರಿದ ಹಾಗೆ. ಮೂರು, ಅಳತೆಗೆ ನಿಲ್ಲಿಸಿದ ಮೈಗಳನ್ನು ಗೋಡೆಯ ಅಲಂಕಾರಕ್ಕೆ, ಆಟದ ಬೊಂಬೆಗೆ, ತಮಾಷೆಗೆ ಮಾರಬೇಡಿ. ಅಧ್ಯಯನ ಬೇರೆ, ಪ್ರದರ್ಶನ ಬೇರೆ. ನಾಲ್ಕು, ಪುಕ್ಕಟೆ ತಂದವರು ಪುಕ್ಕಟೆ ಏನಾದರೂ ಹಿಂದಿರುಗಿಸಿ. ತಿದ್ದಿದ ವಿವರ, ಕನ್ನಡದ ಅನುವಾದ, ಗುರುತು ಹಿಡಿದ ಹೆಸರು ಇವನ್ನೆಲ್ಲ ಬೀಗ ಹಾಕದೆ ಎಲ್ಲರಿಗೂ ಬಿಡಿ. ಲಾಭದಲ್ಲಿ ಒಂದು ಪಾಲು ಆ ಸಮುದಾಯದ ಮಕ್ಕಳ ಓದಿಗೆ ಹೋಗಲಿ. ಅಂಗಡಿಯವನಿಗೆ ನೂರಕ್ಕೆ 15, 30 ಎಣಿಸಿಕೊಡುವ ಕೈಗೆ ಇದು ಭಾರವಾಗಬಾರದು.

ಹಳ್ಳಿಯ ಮೇಷ್ಟ್ರುಗಳಿಗೆ, ಮೇಡಮ್ಮುಗಳಿಗೆ ನಮ್ಮದು ಕೇಳಿಕೆಯಲ್ಲ, ಜೊತೆಗಾರರ ಮಾತು. ತರಗತಿಯಲ್ಲಿ ಇಂಥ ಚಿತ್ರ ತೋರಿಸುವಾಗ ಚಿತ್ರದೊಳಗಿನವರು ಯಾವ ಜಾತಿ ಎಂದು ಮೊದಲು ಕೇಳಬೇಡಿ. ಕ್ಯಾಮೆರಾ ಯಾರ ಕೈಯಲ್ಲಿತ್ತು ಎಂದು ಕೇಳಿ. ನಿಂತವರಿಗೆ ಅಲ್ಲಿಂದ ಹೋಗುವ ಸ್ವಾತಂತ್ರ್ಯ ಇತ್ತೇ ಎಂದು ಕೇಳಿ. ಈಗ ಇದರಿಂದ ಕಾಸು ಯಾರಿಗೆ ಬರುತ್ತಿದೆ ಎಂದು ಕೇಳಿ. ಈ ಮೂರು ಪ್ರಶ್ನೆ ಕಲಿತ ಮಗು ಮುಂದೆ ಮ್ಯೂಸಿಯಮ್ಮಿಗೆ ಹೋದರೂ ಮೋಸ ಹೋಗುವುದಿಲ್ಲ, ಆಪು ತೆರೆದರೂ ಮೋಸ ಹೋಗುವುದಿಲ್ಲ.

ಬಾಗಿಲು ತೆರೆದೇ ಇರಲಿ. ಒಳಗೆ ಬರುವವರೆಲ್ಲ ಬರಲಿ, ವ್ಯಾಪಾರದವರೂ ಬರಲಿ. ಬಾಗಿಲ ಪಕ್ಕದಲ್ಲಿ ಒಂದು ಖಾತೆ ಪುಸ್ತಕ ಇರಲಿ. ಯಾರಿಂದ ತಂದದ್ದು, ಯಾರನ್ನು ಕೇಳಿ ತಂದದ್ದು, ಯಾರಿಗೆ ಎಷ್ಟು ಬಾಕಿ ಎಂದು ಅದರಲ್ಲಿ ಬರೆದಿರಲಿ. ಬಿಟ್ಟಿ ಹೋದವರು ಇಷ್ಟು ದಿನ ಹೆಬ್ಬೆಟ್ಟು ಒತ್ತಿದರು. ಅವರ ಮೊಮ್ಮಕ್ಕಳಿಗೆ ಈಗ ಲೆಕ್ಕ ಓದಲು ಬರುತ್ತದೆ.